ಎಷ್ಟು ಸುಟ್ಟಿತು ಎಂಬ ಲೆಕ್ಕ ಸಾಕು, ಹೇಗೆ ಸುಟ್ಟಿತು ಎಂದು ಹೇಳಿ: ಕಾಡಿನ ಹೊಣೆ ಹೊತ್ತವರಿಗೆ ಬಹಿರಂಗ ಪತ್ರ

ಅರಣ್ಯ ಇಲಾಖೆಗಳನ್ನು ನಡೆಸುವವರಿಗೆ, ಅವುಗಳಿಗೆ ಹಣ ಮಂಜೂರು ಮಾಡುವ ಜನಪ್ರತಿನಿಧಿಗಳಿಗೆ, ಅವುಗಳ ಕೆಲಸವನ್ನು ತೂಗಿ ನೋಡುವ ಲೆಕ್ಕಪರಿಶೋಧಕರಿಗೆ,

ಮಾನ್ಯರೇ,

ಬೆಂಕಿಯ ಕಾಲ ಮುಗಿಯುತ್ತಿದ್ದಂತೆ ಇಲಾಖೆಗಳು ವರದಿ ಹೊರಡಿಸುತ್ತವೆ. ದೇಶ ಯಾವುದೇ ಇರಲಿ, ವರದಿಯ ಮೊದಲ ಪುಟದಲ್ಲಿ ಎದ್ದು ಕಾಣುವುದು ಒಂದೇ ಅಂಕಿ: ಈ ವರ್ಷ ಇಷ್ಟು ಹೆಕ್ಟೇರ್ ಕಾಡು ಸುಟ್ಟಿತು. ಹೋದ ವರ್ಷಕ್ಕಿಂತ ಕಡಿಮೆಯಿದ್ದರೆ ಶಹಬ್ಬಾಸ್‌ಗಿರಿ, ಹೆಚ್ಚಿದ್ದರೆ ವಿವರಣೆ ಕೇಳುವ ಪತ್ರ. ಪತ್ರಿಕೆಗಳ ತಲೆಬರಹಕ್ಕೆ ಏರುವುದು ಅದೇ ಅಂಕಿ, ಸದನದಲ್ಲಿ ಪ್ರಶ್ನೆ ಏಳುವುದೂ ಅದರ ಮೇಲೆಯೇ. ನಾನು ಕೇಳಿಕೊಳ್ಳುವುದು ಇಷ್ಟು: ಆ ಅಂಕಿಯನ್ನು ಮೊದಲ ಪುಟದಿಂದ ಇಳಿಸಿ. ಬೆಂಕಿ ಹೇಗೆ ಸುಟ್ಟಿತು, ಅಂಥ ಬೆಂಕಿ ಆ ಕಾಡಿಗೆ ಒಗ್ಗುವಂಥದ್ದೇ ಎಂಬ ಲೆಕ್ಕವನ್ನು ಅಲ್ಲಿ ಕೂರಿಸಿ.

ಕಾಗದದ ಮೇಲಿನ ಸಣ್ಣ ತಿದ್ದುಪಡಿ ಎಂದು ಇದನ್ನು ತಳ್ಳಿಹಾಕಬೇಡಿ. ಬಡ್ತಿ, ವರ್ಗಾವಣೆ, ಅನುದಾನಗಳೆಲ್ಲ ಯಾವ ಅಂಕಿಗೆ ತಗುಲಿಕೊಂಡಿವೆಯೋ ಆ ಅಂಕಿಯನ್ನು ಇಳಿಸುವುದಕ್ಕೇ ಇಡೀ ಇಲಾಖೆ ದುಡಿಯುತ್ತದೆ. ಸುಟ್ಟ ಹೆಕ್ಟೇರ್ ಇಳಿಸುವ ಅತಿ ಸುಲಭದ ದಾರಿಯೆಂದರೆ ಕಂಡ ಕಂಡ ಬೆಂಕಿಯನ್ನೆಲ್ಲ ನಂದಿಸುವುದು. ಹಲವು ಕಾಡುಗಳು ಇಂದು ಸ್ಫೋಟಕ್ಕೆ ಕಾದು ಕುಳಿತಿರುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಒಂದು ಹೆಕ್ಟೇರ್ ಕಾಡನ್ನೇ ತೆಗೆದುಕೊಳ್ಳಿ. ಎಲೆಯುದುರುವ ಒಣ ಕಾಡು, ಗಾಳಿ ಮೆತ್ತಗಿದೆ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಉಳಿದಿದೆ. ತರಗೆಲೆಗೆ ತಗುಲಿದ ಬೆಂಕಿ ಮೊಣಕಾಲಿನ ಎತ್ತರಕ್ಕೂ ಏಳದೆ, ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಸರಿದು ಹೋಗುತ್ತದೆ. ಹುಲ್ಲು, ಎಲೆ, ಪುಳ್ಳೆ ಉರಿಯುತ್ತವೆ. ದಪ್ಪ ತೊಗಟೆಯ ಮರಗಳ ಬುಡ ಕಪ್ಪಾಗುತ್ತದೆ, ಒಳಗಿನ ಜೀವಪದರಕ್ಕೆ ಬಿಸಿ ತಟ್ಟುವುದಿಲ್ಲ. ಮಣ್ಣು ಬಿಸಿಯನ್ನು ಬೇಗ ಕೆಳಗಿಳಿಸುವುದಿಲ್ಲವಾದ್ದರಿಂದ ಕೆಲವೇ ಸೆಂಟಿಮೀಟರ್ ಆಳದಲ್ಲಿರುವ ಬೇರು, ಗೆಡ್ಡೆ, ಬೀಜಗಳಿಗೆ ಮೇಲೆ ಬೆಂಕಿ ಹಾದುಹೋದದ್ದೇ ಗೊತ್ತಾಗುವುದಿಲ್ಲ. ಹುಲ್ಲಿನ ಬುಡದಲ್ಲಿ ಮೊಗ್ಗುಗಳು ಹಾಗೇ ಇರುತ್ತವೆ, ಮಳೆ ಬಿದ್ದ ಕೂಡಲೇ ಚಿಗುರುತ್ತವೆ.

ಅದೇ ಹೆಕ್ಟೇರ್ ಹಲವು ದಶಕ ಬೆಂಕಿಯನ್ನೇ ಕಾಣದೆ ಉಳಿದಿದೆ ಎಂದುಕೊಳ್ಳಿ. ತರಗಿನ ಮೇಲೆ ತರಗು ಕೂತಿದೆ. ಪೊದೆ ಎದ್ದಿದೆ, ಪೊದೆಯ ಮೇಲೆ ನೆರಳಲ್ಲಿ ಸೊರಗಿದ ಸಣಕಲು ಮರಗಳು, ಅವುಗಳ ಮೇಲೆ ದೊಡ್ಡ ಮರಗಳ ಒಣಗಿದ ಕೆಳಕೊಂಬೆಗಳು. ನೆಲದಿಂದ ನೆತ್ತಿಯವರೆಗೆ ಉರುವಲಿನ ಏಣಿ ತಯಾರು. ಬಿರುಬಿಸಿಲಿನ, ಬಿರುಗಾಳಿಯ ದಿನ ಇಲ್ಲಿಗೆ ಬಂದ ಬೆಂಕಿ ಏಣಿ ಹತ್ತಿ ನೆತ್ತಿ ಮುಟ್ಟುತ್ತದೆ, ನೆತ್ತಿಯಿಂದ ನೆತ್ತಿಗೆ ಹಾಯುತ್ತದೆ, ಕಿಡಿಗಳನ್ನು ಬಹು ದೂರಕ್ಕೆ ಎಸೆದು ಅಲ್ಲಿ ಹೊಸ ಬೆಂಕಿ ಹೊತ್ತಿಸುತ್ತದೆ. ನೆಲಕ್ಕೆ ಬಿದ್ದ ದಿಮ್ಮಿಗಳು ಗಂಟೆಗಟ್ಟಲೆ ಉರಿದು ಮಣ್ಣನ್ನು ಆಳದವರೆಗೆ ಬೇಯಿಸುತ್ತವೆ. ಉರಿದ ಎಲೆಗಳ ಮೇಣದಂಥ ಆವಿ ಮಣ್ಣಿನೊಳಗೆ ಇಳಿದು ಹೆಪ್ಪುಗಟ್ಟಿದರೆ ನೆಲ ನೀರನ್ನೇ ಹೀರದು. ಮುಂದಿನ ಜೋರು ಮಳೆಗೆ ಬೂದಿ, ಮಣ್ಣು ಎರಡೂ ಹೊಳೆಗೆ.

ವರದಿಯಲ್ಲಿ ಮೊದಲನೆಯದೂ 1 ಹೆಕ್ಟೇರ್, ಎರಡನೆಯದೂ 1 ಹೆಕ್ಟೇರ್.

ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ಅಳತೆಯೂ ಇದೆ. ಬೆಂಕಿಯ ಮುಂಚೂಣಿಯ ಪ್ರತಿ ಮೀಟರಿಗೆ ಎಷ್ಟು ಶಾಖ ಹೊಮ್ಮುತ್ತದೆ ಎಂಬುದನ್ನು ಲೆಕ್ಕ ಹಾಕುವ ಸೂತ್ರವನ್ನು ಅಮೆರಿಕದ ವಿಜ್ಞಾನಿ ಜಾರ್ಜ್ ಬೈರಮ್ 1959ರಲ್ಲಿ ಕೊಟ್ಟರು. ಮೆಲ್ಲಗೆ ಸಾಗುವ ನೆಲಬೆಂಕಿಯಲ್ಲಿ ಅದು ಮೀಟರಿಗೆ ಕೆಲವು ನೂರು ಕಿಲೋವಾಟ್. ಸುಮಾರು 4,000 ದಾಟಿತೆಂದರೆ ಯಂತ್ರಗಳನ್ನು ಇಟ್ಟುಕೊಂಡೂ ಅದರ ಎದುರು ನಿಂತು ನಂದಿಸುವುದು ಅಸಾಧ್ಯಕ್ಕೆ ಹತ್ತಿರ. ನೆತ್ತಿಗೇರಿದ ಬೆಂಕಿ 10,000ವನ್ನು ಸಲೀಸಾಗಿ ಮೀರುತ್ತದೆ. ಹತ್ತಾರು ಪಟ್ಟು ವ್ಯತ್ಯಾಸವಿರುವ ಎರಡು ಘಟನೆಗಳನ್ನು ಒಂದೇ ಕಾಲಮ್ಮಿನಲ್ಲಿ ಕೂಡಿಸಿ ಮೊತ್ತ ತೆಗೆಯುತ್ತಿದ್ದೇವೆ.

ಈ ಮೊತ್ತ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದನ್ನು ಇಡೀ ಭೂಮಿಯ ಮಟ್ಟದಲ್ಲೇ ನೋಡಬಹುದು. ಉಪಗ್ರಹಗಳ ದಾಖಲೆಯ ಪ್ರಕಾರ 1998ರಿಂದ 2015ರ ನಡುವೆ ಜಗತ್ತಿನಲ್ಲಿ ವರ್ಷಕ್ಕೆ ಸುಡುವ ಒಟ್ಟು ವಿಸ್ತೀರ್ಣ ಸುಮಾರು ಕಾಲುಭಾಗ ಇಳಿಯಿತು. ಹೆಕ್ಟೇರ್ ಲೆಕ್ಕ ನಂಬುವವರು ಇದನ್ನು ಗೆಲುವು ಎನ್ನಬೇಕು. ನಿಜದಲ್ಲಿ ಈ ಇಳಿಕೆ ಬಹುಪಾಲು ಬಂದದ್ದು ಆಫ್ರಿಕಾದಂಥ ಕಡೆಗಳ ಹುಲ್ಲುಗಾಡುಗಳು ಹೊಲಗಳಾದದ್ದರಿಂದ, ಮೇವಿನ ನೆಲ ತುಂಡು ತುಂಡಾದದ್ದರಿಂದ. ಅವು ಸಾವಿರಾರು ವರ್ಷಗಳಿಂದ ಬೆಂಕಿಯೊಂದಿಗೆ ಬದುಕಿದ ನೆಲಗಳು. ಅಲ್ಲಿ ಬೆಂಕಿ ಕಡಿಮೆಯಾಯಿತೆಂದರೆ ಅನೇಕ ಕಡೆ ಹುಲ್ಲುಗಾಡೇ ಕಡಿಮೆಯಾಯಿತೆಂದು ಅರ್ಥ. ಇನ್ನೊಂದು ಕಡೆ, 2003ರಿಂದ 2023ರವರೆಗಿನ ಉಪಗ್ರಹ ಮಾಹಿತಿಯನ್ನು ಜಾಲಾಡಿದವರು ಅತಿ ಉಗ್ರ ಬೆಂಕಿಗಳ ಸಂಖ್ಯೆ ಎರಡು ಪಟ್ಟಿಗೂ ಹೆಚ್ಚಾಗಿದೆ ಎಂದು ಕಂಡುಕೊಂಡಿದ್ದಾರೆ, ಅದೂ ಮುಖ್ಯವಾಗಿ ಉತ್ತರದ ಸೂಚಿಪರ್ಣಿ ಕಾಡುಗಳಲ್ಲಿ. ಬೇಕಾದ ಬೆಂಕಿ ಕಡಿಮೆಯಾಗಿದೆ, ಬೇಡದ ಬೆಂಕಿ ಹೆಚ್ಚಿದೆ, ಮೊತ್ತ ಮಾತ್ರ ಇಳಿಯುತ್ತಿದೆ.

ಈ ಅಳತೆಗೋಲು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ತಂದವರು ಕೆಟ್ಟ ಉದ್ದೇಶದವರೇನಲ್ಲ. 1905ರಲ್ಲಿ ಹುಟ್ಟಿದ ಅಮೆರಿಕದ ಅರಣ್ಯ ಸೇವೆಗೆ ಐದನೇ ವರ್ಷದಲ್ಲೇ ಮಹಾ ಆಘಾತ ಕಾದಿತ್ತು. 1910ರ ಆಗಸ್ಟಿನಲ್ಲಿ ಐಡಹೊ, ಮೊಂಟಾನಾ ಸೀಮೆಯಲ್ಲಿ ಎರಡು ದಿನಗಳ ಬಿರುಗಾಳಿಗೆ ಸುಮಾರು 30 ಲಕ್ಷ ಎಕರೆ ಕಾಡು ಉರಿದು ಹೋಯಿತು. 80ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುತೇಕರು ಬೆಂಕಿ ನಂದಿಸಲು ಹೋದವರು. ಆ ಗಾಯ ಹೊತ್ತ ತಲೆಮಾರು ಬೆಂಕಿಯನ್ನೇ ಶತ್ರುವೆಂದು ತೀರ್ಮಾನಿಸಿತು. 1935ರಲ್ಲಿ ನಿಯಮ ಬಂತು: ಇವತ್ತು ಕಂಡ ಬೆಂಕಿ ನಾಳೆ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಬೇಕು. ಎಲ್ಲ ಕಾಡಿಗೂ, ಎಲ್ಲ ಬೆಂಕಿಗೂ ಒಂದೇ ಗಡುವು. ಈ ನಿಯಮವನ್ನು ಪೂರ್ತಿ ಕೈಬಿಡಲು 1970ರ ದಶಕ ಬರಬೇಕಾಯಿತು. ಆ ಮನೋಭಾವ ಮಾತ್ರ ಇಂದಿಗೂ ಜಗತ್ತಿನ ಎಷ್ಟೋ ಇಲಾಖೆಗಳಲ್ಲಿ ಗಟ್ಟಿಯಾಗಿ ಕೂತಿದೆ.

ನಿಯಮದ ಫಲ ಏನಾಯಿತು ಎಂಬುದನ್ನು ಕ್ಯಾಲಿಫೋರ್ನಿಯಾದ ದೈತ್ಯ ಸಿಕೋಯಾ ಮರಗಳು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿವೆ. 3,000 ವರ್ಷ ಬಾಳಬಲ್ಲ ಮರ, ಅರ್ಧ ಮೀಟರಿಗೂ ದಪ್ಪವಾಗಬಲ್ಲ ತೊಗಟೆ. ಕಾಂಡದ ವಾರ್ಷಿಕ ಉಂಗುರಗಳಲ್ಲಿ ಹತ್ತಾರು ಹಳೆಯ ಬೆಂಕಿಗಳ ಕಲೆ, ಆದರೂ ಮರ ನೆಟ್ಟಗೆ ನಿಂತಿರುತ್ತದೆ. ಅದರ ಕಾಯಿಗಳು ವರ್ಷಗಟ್ಟಲೆ ಮುಚ್ಚಿಕೊಂಡೇ ಇದ್ದು ಬೆಂಕಿಯ ಬಿಸಿಗಾಳಿ ತಾಗಿದಾಗ ಒಣಗಿ ಬಿರಿಯುತ್ತವೆ. ಓಟ್ಸ್ ಕಾಳಿಗಿಂತಲೂ ಹಗುರಾದ ಬೀಜಕ್ಕೆ ಬೇರೂರಲು ತರಗು ಸುಟ್ಟ ಬರಿಮಣ್ಣು ಬೇಕು, ಸಸಿ ಏಳಲು ಬಿಸಿಲು ಬೇಕು. ಬೆಂಕಿ ನಿಂತ ಮೇಲೆ ತೋಪುಗಳಲ್ಲಿ ಹೊಸ ಸಸಿಗಳೇ ಕಾಣುವುದಿಲ್ಲ ಎಂಬುದನ್ನು 1960ರ ದಶಕದಲ್ಲಿ ಸಂಶೋಧಕರು ಎತ್ತಿ ತೋರಿಸಿದರು. ರಾಷ್ಟ್ರೀಯ ಉದ್ಯಾನಗಳ ಬಗ್ಗೆ ಸರ್ಕಾರ ನೇಮಿಸಿದ್ದ ಲಿಯೊಪಾಲ್ಡ್ ಸಮಿತಿಯ 1963ರ ವರದಿ ಬೆಂಕಿಯನ್ನು ಮರಳಿ ತರಬೇಕೆಂದಿತು. 1968ರಲ್ಲಿ ಸಿಕೋಯಾ ಮತ್ತು ಕಿಂಗ್ಸ್ ಕ್ಯಾನ್ಯನ್ ಉದ್ಯಾನಗಳಲ್ಲಿ ಯೋಜಿತ ಬೆಂಕಿ ಹಚ್ಚುವ ಕೆಲಸ ಶುರುವಾಯಿತು. ಶುರುವಾದದ್ದು ನಿಜ, ಬೇಕಾದಷ್ಟು ನಡೆಯಲಿಲ್ಲ ಎಂಬುದೂ ಅಷ್ಟೇ ನಿಜ. 2020 ಮತ್ತು 2021ರ ಬೆಂಕಿಗಳು ಸಿಯೆರಾ ನೆವಾಡಾ ಪರ್ವತಸಾಲಿನ ದೊಡ್ಡ ಸಿಕೋಯಾಗಳಲ್ಲಿ 13ರಿಂದ 19 ಶೇಕಡಾದಷ್ಟನ್ನು ಕೊಂದವು ಎಂಬುದು ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆಯದೇ ಅಂದಾಜು. ಹತ್ತಾರು ಬೆಂಕಿಗಳನ್ನು ಗೆದ್ದು ಬಂದ ಮರಗಳು, ಶತಮಾನ ಕಾಲ ಪೇರಿಸಿದ ಉರುವಲು ಮತ್ತು ಬರಗಾಲ ಜೊತೆಯಾದಾಗ ಎರಡೇ ವರ್ಷದಲ್ಲಿ ಬಿದ್ದವು.

ಇದರ ಎದುರಿಗೆ ಯೊಸೆಮಿಟಿ ಉದ್ಯಾನದ ಮಾರಿಪೋಸಾ ಸಿಕೋಯಾ ತೋಪನ್ನು ಇಟ್ಟು ನೋಡಿ. ಅಲ್ಲಿ 1970ರ ದಶಕದಿಂದಲೂ ಮತ್ತೆ ಮತ್ತೆ ಚಿಕ್ಕ ಬೆಂಕಿ ಹಚ್ಚಿ ಉರುವಲು ಇಳಿಸುತ್ತ ಬಂದಿದ್ದರು. 2022ರ ಜುಲೈನಲ್ಲಿ ವಾಶ್‌ಬರ್ನ್ ಬೆಂಕಿ ತೋಪಿನ ಅಂಚಿಗೆ ನುಗ್ಗಿತು, ಒಳಗೆ ಬರುತ್ತಿದ್ದಂತೆ ತಗ್ಗಿತು. ತೋಪು ಉಳಿಯಿತು. ಹಚ್ಚಿದ ಆ ಎಲ್ಲ ಬೆಂಕಿಗಳನ್ನೂ ಹೆಕ್ಟೇರ್ ಲೆಕ್ಕದಲ್ಲಿ ‘ಸುಟ್ಟದ್ದು’ ಎಂದು ಬರೆಯಬೇಕಾಗುತ್ತದೆ. ಉಳಿದ ತೋಪಿಗೆ ಆ ಲೆಕ್ಕದಲ್ಲಿ ಕಾಲಮ್ಮೇ ಇಲ್ಲ.

ಎಲ್ಲವನ್ನೂ ನಂದಿಸುವ ನೀತಿಯ ಒಳಗೆ ಇನ್ನೊಂದು ಸುಳಿ ಇದೆ, ಅದರ ಬಗ್ಗೆ ಸಾಕಷ್ಟು ಮಾತಾಗುತ್ತಿಲ್ಲ. ನಮ್ಮ ಕೈಗೆ ಸಿಕ್ಕಿ ನಂದುವುದು ಯಾವ ಬೆಂಕಿ? ತಂಪು ಹವೆಯಲ್ಲಿ, ಮೆಲುಗಾಳಿಯಲ್ಲಿ ಹೊತ್ತಿದ್ದು. ಕೈಗೆ ಸಿಗದೆ ಓಡುವುದು ಅತಿ ಒಣ, ಅತಿ ಗಾಳಿಯ ದಿನದ್ದು. ಅಮೆರಿಕದಲ್ಲಿ ಹೊತ್ತುವ ಬೆಂಕಿಗಳಲ್ಲಿ ಶೇಕಡಾ 95ಕ್ಕಿಂತ ಹೆಚ್ಚನ್ನು ಮೊದಲ ಯತ್ನದಲ್ಲೇ ನಂದಿಸುತ್ತಾರೆ; ಉಳಿದ ಕೆಲವೇ ಬೆಂಕಿಗಳು ಸುಟ್ಟ ವಿಸ್ತೀರ್ಣದ ಬಹುಪಾಲನ್ನು ನುಂಗುತ್ತವೆ. ಅಂದರೆ ಒಳ್ಳೆಯ ಕೆಲಸ ಮಾಡಬಹುದಾಗಿದ್ದ ಬೆಂಕಿಯನ್ನೆಲ್ಲ ಆರಿಸಿ ಆರಿಸಿ ನಂದಿಸುತ್ತಿದ್ದೇವೆ, ಕಾಡಿನ ಪಾಲಿಗೆ ಅತಿ ಕೆಟ್ಟದ್ದನ್ನು ಮಾತ್ರ ಉಳಿಸುತ್ತಿದ್ದೇವೆ. ನಂದಿಸುವವರ ಶೌರ್ಯದಲ್ಲಿ ಯಾವ ಕೊರತೆಯೂ ಇಲ್ಲ. ಅವರನ್ನು ಕಳಿಸುವ ನೀತಿಯಲ್ಲಿ ಕೊರತೆ ಇದೆ.

ಹಾಗಾದರೆ ಎಲ್ಲ ಕಾಡಿಗೂ ಬೆಂಕಿ ಇಡಿ ಎನ್ನುತ್ತಿದ್ದೇನೆಯೇ? ಖಂಡಿತ ಇಲ್ಲ. ಈ ಪತ್ರವನ್ನು ಯಾರಾದರೂ ಹಾಗೆ ಓದಿದರೆ ದೊಡ್ಡ ಅನಾಹುತ. ಅಮೆಜಾನ್‌ನಂಥ ಮಳೆಕಾಡಿನ ಮರಗಳದು ತೆಳು ತೊಗಟೆ; ಪಾದದೆತ್ತರದ ಬೆಂಕಿ ಮೆಲ್ಲಗೆ ಹಾದುಹೋದರೂ ಸಾಕು, ಮುಂದಿನ ವರ್ಷಗಳಲ್ಲಿ ಮರಗಳು ಒಂದೊಂದಾಗಿ ಸಾಯುತ್ತವೆ, ತೆರೆದ ನೆತ್ತಿಯಿಂದ ಬಿಸಿಲು ಇಳಿದು ನೆಲ ಒಣಗುತ್ತದೆ, ಹುಲ್ಲು ನುಗ್ಗುತ್ತದೆ, ಎರಡನೆಯ ಬೆಂಕಿಗೆ ದಾರಿ ಸಲೀಸಾಗುತ್ತದೆ. ಇಂಡೊನೇಷ್ಯಾದ ಪೀಟ್ ಜೌಗುಗಳ, ಅಂದರೆ ಅರೆಕೊಳೆತ ಸಸ್ಯಗಳೇ ದಪ್ಪ ಪದರವಾಗಿ ಕೂತ ನೆಲಗಳ, ಕಥೆ ಇನ್ನೂ ಘೋರ. ತೋಟಗಳಿಗಾಗಿ ಕಾಲುವೆ ತೋಡಿ ನೀರು ಬಸಿದ ಮೇಲೆ ನೆಲವೇ ಉರುವಲಾಯಿತು. 2015ರಲ್ಲಿ ಆ ದೇಶದಲ್ಲಿ ಒಟ್ಟು ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು, ಹೊಗೆ ನೆರೆ ದೇಶಗಳ ಮಕ್ಕಳನ್ನೂ ಕಂಗೆಡಿಸಿತು. ಅಂಥ ಜೌಗಿನಲ್ಲಿ ಬೇಕಾದದ್ದು ಕಾಲುವೆಗಳಿಗೆ ಒಡ್ಡು ಹಾಕಿ ಜೌಗಿಗೆ ನೀರು ಮರಳಿಸುವುದು. ದಕ್ಷಿಣ ಕ್ಯಾಲಿಫೋರ್ನಿಯಾದ ಚಾಪರಲ್ ಕುರುಚಲಿಗೆ ಈಗಾಗಲೇ ಬೆಂಕಿ ಅತಿಯಾಗಿದೆ, ಇನ್ನೂ ಹಚ್ಚಿದರೆ ಅದು ಹೊರಗಿನಿಂದ ಬಂದ ಹುಲ್ಲಿಗೆ ಜಾಗ ಬಿಟ್ಟು ಅಳಿಯುತ್ತದೆ.

ಉಗ್ರ ಬೆಂಕಿಯೇ ಸಹಜವಾದ ಕಾಡುಗಳೂ ಉಂಟು. 1988ರಲ್ಲಿ ಯೆಲ್ಲೊಸ್ಟೋನ್ ಉದ್ಯಾನದ ಮೂರನೇ ಒಂದು ಭಾಗಕ್ಕೂ ಹೆಚ್ಚು ಪ್ರದೇಶದಲ್ಲಿ ಬೆಂಕಿ ಹಾಯಿತು. ಎಲ್ಲ ಮುಗಿಯಿತು ಎಂದು ದೇಶವೇ ಗೋಳಿಟ್ಟಿತು. ಆದರೆ ಅಲ್ಲಿನ ಲಾಡ್ಜ್‌ಪೋಲ್ ಪೈನ್ ನೂರಾರು ವರ್ಷಕ್ಕೊಮ್ಮೆ ನೆತ್ತಿಯ ಬೆಂಕಿಗೆ ಸತ್ತು, ರಾಳದಿಂದ ಬಿಗಿದ ಕಾಯಿಗಳನ್ನು ಬಿರಿಸಿ, ಒತ್ತೊತ್ತಾಗಿ ಹುಟ್ಟುವ ಮರ. ಯಾರೂ ನೆಡದೆ ಕಾಡು ಎದ್ದಿತು. ಈಗ ಅಲ್ಲಿನ ಆತಂಕ ಬೇರೆ: 1988ರ ನಂತರ ಬೆಳೆದ ಎಳೆಯ ಕಾಡು ಕೆಲವೆಡೆ 2016ರಲ್ಲೇ ಮತ್ತೆ ಸುಟ್ಟಿತು, ಕಾಯಿಗಳ ಖಜಾನೆ ತುಂಬುವ ಮೊದಲೇ. ಅಂಥ ಕಡೆ ಹೊಸ ಸಸಿಗಳು ತೀರಾ ವಿರಳ. ದಕ್ಷಿಣ ಆಫ್ರಿಕಾದ ಫಿನ್‌ಬಾಸ್ ಕುರುಚಲಿಗೂ ಬೆಂಕಿ ಬೇಕು, ಆದರೆ ಹತ್ತು ಹದಿನೈದು ವರ್ಷಗಳ ಬಿಡುವೂ ಬೇಕು. ಪ್ರೋಟಿಯಾ ಗಿಡಗಳು ಹೂಬಿಟ್ಟು ಬೀಜ ಕೂಡಿಡುವ ಮೊದಲೇ ಬೆಂಕಿ ಬಂದರೆ ವಂಶವೇ ಅಳಿಯುತ್ತದೆ. ಅಲ್ಲಿನ ಹಲವು ಬೀಜಗಳು ಮೊಳೆಯುವುದು ಬಿಸಿಗಲ್ಲ, ಹೊಗೆಗೆ ಎಂಬುದನ್ನು 1990ರಲ್ಲಿ ಕಂಡುಕೊಂಡರು. ಎಂಥ ಸೂಕ್ಷ್ಮ ಹೊಂದಾಣಿಕೆ ನೋಡಿ! ಇಂಥ ಸಂಬಂಧದ ಮೇಲೆ ಒಂದೇ ಅಂಕಿಯ ಆಡಳಿತ ನಡೆಸುವುದು ಸರಿಯೇ?

ಆದ್ದರಿಂದಲೇ ತೀವ್ರತೆಯ ಜೊತೆ ಆ ಕಾಡಿನ ವಾಡಿಕೆಯನ್ನೂ ಬರೆಯಬೇಕು ಎನ್ನುತ್ತಿರುವುದು. ಎಷ್ಟು ವರ್ಷಕ್ಕೊಮ್ಮೆ, ಯಾವ ತಿಂಗಳಲ್ಲಿ, ಎಷ್ಟು ಉಗ್ರವಾಗಿ ಬರುವ ಬೆಂಕಿಗೆ ಆ ಕಾಡು ಒಗ್ಗಿದೆ, ಬಂದ ಬೆಂಕಿ ಅದರಿಂದ ಎಷ್ಟು ದೂರ ಸರಿದಿದೆ.

ಇದನ್ನು ಅಳೆಯಲು ಹೊಸ ಯಂತ್ರವೇನೂ ಬೇಡ. ಜೀವಂತ ಎಲೆ ಕಣ್ಣಿಗೆ ಕಾಣದ ಸಮೀಪದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಚೆನ್ನಾಗಿ ಹಿಂತಿರುಗಿಸುತ್ತದೆ, ಸುಟ್ಟ ನೆಲ ಅದಕ್ಕಿಂತ ಉದ್ದದ ಅಲೆಗಳನ್ನು ಹೆಚ್ಚು ಹಿಂತಿರುಗಿಸುತ್ತದೆ. ಬೆಂಕಿಯ ಮುಂಚಿನ ಮತ್ತು ನಂತರದ ಉಪಗ್ರಹ ಚಿತ್ರಗಳಲ್ಲಿ ಈ ಎರಡರ ಅನುಪಾತವನ್ನು ಹೋಲಿಸಿದರೆ ಎಲ್ಲಿ ಬೆಂಕಿ ಸವರಿ ಹೋಗಿದೆ, ಎಲ್ಲಿ ಮರಗಳನ್ನು ಕೊಂದಿದೆ ಎಂಬ ನಕ್ಷೆ ಸಿಗುತ್ತದೆ. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಉಚಿತ, ಸೆಂಟಿನೆಲ್-2 ಚಿತ್ರಗಳೂ ಉಚಿತ. ಅಮೆರಿಕ ತನ್ನ ದೊಡ್ಡ ಬೆಂಕಿಗಳಿಗೆಲ್ಲ 1984ರಿಂದ ಈಚಿನ ಇಂಥ ನಕ್ಷೆ ಮಾಡಿಟ್ಟಿದೆ. ದಟ್ಟ ನೆತ್ತಿಯ ಕೆಳಗೆ ಸರಿದುಹೋದ ನೆಲಬೆಂಕಿ ಉಪಗ್ರಹದ ಕಣ್ಣಿಗೆ ಸರಿಯಾಗಿ ಬೀಳದು; ಅಲ್ಲಿ ಕಾಡು ಕಾಯುವವರು ಕಾಲ್ನಡಿಗೆಯಲ್ಲಿ ಹೋಗಿ ತೊಗಟೆ, ಚಿಗುರು, ಮಣ್ಣು ನೋಡಿ ಬರೆಯಬೇಕು. ಹೀಗೆ ಬರೆಯುವ ಕೆಲಸ ಅವರಿಗೆ ಹೊರೆಯೆಂದು ನನಗನಿಸುವುದಿಲ್ಲ. ಅವರಿಗೆ ಗೊತ್ತಿರುವುದನ್ನು ಇಲಾಖೆ ಕೊನೆಗೂ ಕೇಳಿದಂತಾಗುತ್ತದೆ.

ಗೊತ್ತಿರುವವರನ್ನು ಕೇಳುವ ಮಾತು ಬಂದಾಗ ಇಲಾಖೆಗಳಿಗಿಂತ ಬಹಳ ಹಿಂದಿನಿಂದ ಬೆಂಕಿಯ ಜೊತೆ ಬಾಳಿದವರನ್ನು ನೆನೆಯಬೇಕು. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನ ಮೂಲನಿವಾಸಿಗಳು ಮಳೆಯಿಲ್ಲದ ಒಣಗಾಲದ ಆರಂಭದಲ್ಲಿ, ಹುಲ್ಲು ಅರ್ಧ ಹಸಿಯಿರುವಾಗ, ಅಲ್ಲಲ್ಲಿ ಸುಟ್ಟು ಬಿಡುತ್ತಿದ್ದರು. ರಾತ್ರಿಯ ಇಬ್ಬನಿಗೆ ಬೆಂಕಿ ತಾನೇ ಆರುತ್ತಿತ್ತು. ಜನರನ್ನು ನೆಲದಿಂದ ಎಬ್ಬಿಸಿದ ಮೇಲೆ ಒಣಗಾಲದ ಕೊನೆಯ ಮಹಾ ಬೆಂಕಿಗಳು ಕಾಡನ್ನು ಆಳತೊಡಗಿದವು. 2006ರಲ್ಲಿ ಪಶ್ಚಿಮ ಆರ್ನೆಮ್ ಲ್ಯಾಂಡಿನಲ್ಲಿ ಮೂಲನಿವಾಸಿ ಕಾವಲುಗಾರರು ಮತ್ತು ವಿಜ್ಞಾನಿಗಳು ಸೇರಿ ಹಳೆಯ ಕ್ರಮವನ್ನು ಮರಳಿ ತಂದರು. ಒಣಗಾಲದ ಕೊನೆಯ ಬೆಂಕಿ ತಗ್ಗಿತು, ಹೊರಬೀಳುವ ಹಸಿರುಮನೆ ಅನಿಲ ತಗ್ಗಿತು, ಆ ಉಳಿತಾಯಕ್ಕೆ ಹಣವೂ ಸಿಗುತ್ತಿದೆ. ಕ್ಯಾಲಿಫೋರ್ನಿಯಾದ ಕರೂಕ್, ಯೂರಾಕ್ ಜನರು ಬುಟ್ಟಿ ಹೆಣೆಯುವ ಹೇಜಲ್ ಚಿಗುರಿಗಾಗಿ, ಓಕ್ ಕಾಯಿಗಾಗಿ ಸುಡುತ್ತಿದ್ದುದನ್ನು ಕಾನೂನು ಅಪರಾಧವೆಂದು ಕರೆಯಿತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗು ಬೆಂಕಿಯ ಕಥೆಯೂ ಅದೇ ಜಾಡಿನದು. ಬೇಸಗೆ ಏರುವ ಮುನ್ನ ತರಗನ್ನು ಸುಟ್ಟರೆ ಹುಲ್ಲು ಚಿಗುರುತ್ತದೆ, ನೆಲ್ಲಿ ಮರಕ್ಕೆ ಅಂಟುವ ಬದನಿಕೆ ಹತೋಟಿಯಲ್ಲಿರುತ್ತದೆ, ಲಂಟಾನ ತಲೆಯೆತ್ತದು ಎಂಬುದು ಅವರ ತಿಳಿವಳಿಕೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು. ಅಲ್ಲಿನ ಅಧ್ಯಯನದ ಜಾಗಗಳಲ್ಲಿ 1997ರಲ್ಲಿ ಶೇಕಡಾ 41ರಲ್ಲಿ ಕಂಡ ಲಂಟಾನ 2008ರ ಹೊತ್ತಿಗೆ ಶೇಕಡಾ 81ರಲ್ಲಿ ಕಾಣಿಸಿತು. ಬೆಂಕಿ ನಿಂತದ್ದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಇಂದು ಅದೇ ತರಗು ಬೆಂಕಿಯನ್ನು ಹಾಗೇ ಮರಳಿ ತರುವುದೂ ಸುಲಭವಲ್ಲ: ಆಳೆತ್ತರದ ಲಂಟಾನ ಪೊದೆಗೆ ತಗುಲಿದ ಬೆಂಕಿ ನೆಲದಲ್ಲಿ ನಿಲ್ಲದು, ಮರದ ನೆತ್ತಿ ನೆಕ್ಕುತ್ತದೆ. ಮೊದಲು ಬೇರುಸಹಿತ ಕಿತ್ತು ಹಾಕಬೇಕು, ಆಮೇಲೆ ತಂಪು ಹೊತ್ತಿನಲ್ಲಿ ಹಚ್ಚಬೇಕು. ತಡ ಮಾಡಿದಷ್ಟೂ ಕೆಲಸ ಕಷ್ಟವಾಗುತ್ತದೆ, ದುಬಾರಿಯಾಗುತ್ತದೆ. ಅಮೆರಿಕದ ಪೈನ್ ಕಾಡುಗಳಲ್ಲೂ ಇದೇ ಅನುಭವ. 2021ರ ಬೂಟ್‌ಲೆಗ್ ಬೆಂಕಿಯಲ್ಲಿ ಮರ ತೆಳುಗೊಳಿಸಿ ನಂತರ ಯೋಜಿತ ಬೆಂಕಿಯನ್ನೂ ಹಾಯಿಸಿದ್ದ ಕಡೆ ಹೆಚ್ಚು ಮರಗಳು ಉಳಿದವು. ಕಡಿದು ಕೊಂಬೆರೆಂಬೆ ಹಾಗೇ ಬಿಟ್ಟ ಕಾಡಿಗೆ ಅಂಥ ರಕ್ಷಣೆ ಇರುವುದಿಲ್ಲ.

ಇನ್ನು ಅಧಿಕಾರಿಗಳ ಭಯದ ವಿಷಯ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಚ್ಚಿದ ಬೆಂಕಿ ಕೈತಪ್ಪುತ್ತದೆ, ತಪ್ಪಿದೆ. 2000ದ ಮೇ ತಿಂಗಳಲ್ಲಿ ನ್ಯೂ ಮೆಕ್ಸಿಕೊದ ಬ್ಯಾಂಡಲಿಯರ್‌ನಲ್ಲಿ ಹಚ್ಚಿದ ಯೋಜಿತ ಬೆಂಕಿ ಲಾಸ್ ಅಲಮೋಸ್ ಪಟ್ಟಣಕ್ಕೆ ನುಗ್ಗಿ 200ಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟಿತು. 2022ರಲ್ಲಿ ಅದೇ ರಾಜ್ಯದಲ್ಲಿ ಇನ್ನೂ ದೊಡ್ಡದು. ಒಂದು ಯೋಜಿತ ಬೆಂಕಿ ಗಾಳಿಗೆ ಸಿಕ್ಕಿ ಓಡಿತು. ಜನವರಿಯಲ್ಲಿ ಸುಟ್ಟ ಕಟ್ಟಿಗೆ ರಾಶಿಯೊಂದು ಹಿಮದಡಿ ಅಕ್ಷರಶಃ ಬೂದಿ ಮುಚ್ಚಿದ ಕೆಂಡವಾಗಿ ಉಳಿದು ಏಪ್ರಿಲ್‌ನಲ್ಲಿ ಮೇಲೆದ್ದಿತು. ಎರಡೂ ಕೂಡಿ 3.4 ಲಕ್ಷ ಎಕರೆ ಸುಟ್ಟವು, ನೂರಾರು ಮನೆಗಳು ಹೋದವು. ಅರಣ್ಯ ಸೇವೆ ದೇಶದಾದ್ಯಂತ ಯೋಜಿತ ಬೆಂಕಿಯನ್ನು 90 ದಿನ ನಿಲ್ಲಿಸಿ ತನ್ನ ಪದ್ಧತಿಯನ್ನೇ ಪರಿಶೀಲಿಸಿಕೊಂಡಿತು. ತಾನು ಹಚ್ಚಿದ ಬೆಂಕಿಗಳಲ್ಲಿ 99.84 ಶೇಕಡಾ ಯೋಜನೆಯಂತೆಯೇ ನಡೆಯುತ್ತವೆ ಎಂಬುದು ಅದರ ಲೆಕ್ಕ. ಮನೆ ಕಳೆದುಕೊಂಡವರಿಗೆ ಈ ಶೇಕಡಾ ಸಮಾಧಾನ ಕೊಡದು, ಕೊಡಬೇಕೆಂದು ನಿರೀಕ್ಷಿಸುವುದೂ ತಪ್ಪು. ಅವರಿಗೆ ಪೂರ್ತಿ ಪರಿಹಾರ ತಡವಿಲ್ಲದೆ ಸಿಗುವ ವ್ಯವಸ್ಥೆ ಬೆಂಕಿ ಹಚ್ಚುವ ಮೊದಲೇ ಇರಬೇಕು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ. ಹಚ್ಚಿ ತಪ್ಪಿದ ಅಧಿಕಾರಿಯ ಹೆಸರು ತನಿಖೆಯಲ್ಲಿ ಬರುತ್ತದೆ. ಮೂವತ್ತು ವರ್ಷ ಏನನ್ನೂ ಹಚ್ಚದೆ, ಉರುವಲು ಬೆಳೆಯಲು ಬಿಟ್ಟು, ಕೊನೆಗೆ ಊರೇ ಸುಟ್ಟಾಗ ಯಾರ ಹೆಸರೂ ಬರುವುದಿಲ್ಲ. ಸಿಡಿಲು, ಗಾಳಿ, ಬರಗಾಲದ ಮೇಲೆ ಹೊರೆ ಹೋಗುತ್ತದೆ. ಸುಮ್ಮನಿದ್ದವರಿಗೆ ಶಿಕ್ಷೆಯೇ ಇಲ್ಲದ ಕಡೆ ಸುಮ್ಮನಿರುವುದೇ ಜಾಣತನವಾಗುತ್ತದೆ. ಇದನ್ನು ಕಾನೂನಿನಿಂದ ತಿದ್ದಬಹುದು ಎಂಬುದಕ್ಕೆ ಫ್ಲಾರಿಡಾ ಸಾಕ್ಷಿ. 1990ರ ಅಲ್ಲಿನ ಕಾನೂನು ತರಬೇತಿ ಪಡೆದು, ಪ್ರಮಾಣಪತ್ರ ಹೊಂದಿ, ಅನುಮತಿ ಪಡೆದು, ಬರಹದ ಯೋಜನೆಯಂತೆ ಬೆಂಕಿ ಹಚ್ಚುವವರಿಗೆ ರಕ್ಷಣೆ ಕೊಟ್ಟಿತು. 1999ರ ತಿದ್ದುಪಡಿ ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ ಹೊಣೆ ಎಂದಿತು. ಆ ಒಂದು ರಾಜ್ಯದಲ್ಲಿ ಈಗ ವರ್ಷಕ್ಕೆ ಸುಮಾರು 20 ಲಕ್ಷ ಎಕರೆಯಲ್ಲಿ ಯೋಜಿತ ಬೆಂಕಿ ಹಾಯುತ್ತದೆ. ಕ್ಯಾಲಿಫೋರ್ನಿಯಾ 2021ರಲ್ಲಿ ಅಂಥದೇ ಕಾನೂನು ತಂದು, ಬೆಂಕಿ ಕೈತಪ್ಪಿದರೆ ಪರಿಹಾರ ಕೊಡಲು ನಿಧಿಯನ್ನೂ ತೆರೆಯಿತು.

ಹೊಗೆಯ ಬಗ್ಗೆ ಸಾರ್ವಜನಿಕರಿಗೂ ಒಂದು ಮಾತು. ಚಿಕ್ಕ ಬೆಂಕಿಯಿಂದಲೂ ಹೊಗೆ ಏಳುತ್ತದೆ. ಉಬ್ಬಸದವರಿಗೆ, ವಯಸ್ಸಾದವರಿಗೆ ಅದು ನಿಜವಾದ ತೊಂದರೆ. ಯಾವ ದಿನ, ಯಾವ ಕಡೆಗೆ ಎಂದು ಮೊದಲೇ ತಿಳಿಸಿ, ಬೇಕಾದವರಿಗೆ ಗಾಳಿ ಶೋಧಿಸುವ ಯಂತ್ರ ಕೊಡುವುದು ಇಲಾಖೆಯ ಕರ್ತವ್ಯ. ಹಾಗೆಯೇ 2019–20ರ ಆಸ್ಟ್ರೇಲಿಯಾದ ಮಹಾ ಬೆಂಕಿಯಲ್ಲಿ ಜ್ವಾಲೆಗೆ ಸತ್ತವರು 33 ಜನ, ಹೊಗೆಯಿಂದ ಸತ್ತವರು 400ಕ್ಕೂ ಹೆಚ್ಚು ಎಂಬ ಅಂದಾಜನ್ನೂ ಮರೆಯಬಾರದು.

ಗಿಡ ನೆಡುವ ಗುರಿಗಳ ಬಗ್ಗೆಯೂ ಎಚ್ಚರ ಬೇಕು. ಸುಟ್ಟ ನೆಲದಲ್ಲಿ ಒಂದೇ ಜಾತಿಯ, ಒಂದೇ ವಯಸ್ಸಿನ ಸಸಿಗಳನ್ನು ಒತ್ತಾಗಿ ಸಾಲು ನೆಟ್ಟರೆ ಇಪ್ಪತ್ತು ವರ್ಷಕ್ಕೆ ಅಲ್ಲಿ ನಿಲ್ಲುವುದು ಮುಂದಿನ ಬೆಂಕಿಯ ಉರುವಲು. ಪೋರ್ಚುಗಲ್ಲಿನ ಒತ್ತಾದ ನೀಲಗಿರಿ, ಪೈನ್ ನೆಡುತೋಪುಗಳು ಮತ್ತು ಬಿಟ್ಟುಹೋದ ಹೊಲಗಳಲ್ಲಿ 2017ರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಆ ದೇಶ ತನ್ನ ಖರ್ಚಿನಲ್ಲಿ ತಡೆಗಟ್ಟುವ ಕೆಲಸದ ಪಾಲನ್ನು ಏರಿಸಿತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎನ್ನಿ, ಕನಿಷ್ಠ ತೋಡಿದರು. ಉಳಿದವರು ಇನ್ನೂ ಹೆಲಿಕಾಪ್ಟರ್‌ಗಳ ಸಂಖ್ಯೆಯನ್ನೇ ಹೆಚ್ಚಿಸುತ್ತಿದ್ದೇವೆ.

ಹವಾಮಾನ ಬಿಸಿಯಾಗುತ್ತಿರುವಾಗ ಇದೆಲ್ಲ ಸಾಕೇ ಎಂದು ಕೇಳಬಹುದು. ಸಾಲದು. ಅತಿ ಕೆಟ್ಟ ಗಾಳಿಯ ದಿನ ಚೆನ್ನಾಗಿ ನೋಡಿಕೊಂಡ ಕಾಡೂ ಸೋಲಬಹುದು. ಆದರೆ ಯೊಸೆಮಿಟಿಯ ಇಲ್ಲಿಲೂಯೆಟ್ ಕಣಿವೆಯಲ್ಲಿ 1970ರ ದಶಕದಿಂದ ಸಿಡಿಲಿನ ಬೆಂಕಿಗಳನ್ನು ಉರಿಯಲು ಬಿಟ್ಟದ್ದರ ಫಲ ನೋಡಿ: ದಟ್ಟ ಕಾಡಿನ ಪಾಲು ಸುಮಾರು ಐದನೇ ಒಂದರಷ್ಟು ಇಳಿದು ನಡುನಡುವೆ ಹುಲ್ಲು, ಕುರುಚಲು, ಒದ್ದೆ ಬಯಲು ಹರಡಿದವು. ನೆಲದಲ್ಲಿ ತೇವ ಹೆಚ್ಚು ಉಳಿಯಿತು. ಹಳೆಯ ಸುಟ್ಟ ತುಂಡುಗಳೇ ಹೊಸ ಬೆಂಕಿಗೆ ತಡೆಯಾಗುತ್ತಿವೆ. ಸುತ್ತಲೂ ಎಲ್ಲವನ್ನೂ ನಂದಿಸಿ ಕಾಪಾಡಿದ ಕಣಿವೆಗಳಿಗಿಂತ ಬರಗಾಲವನ್ನು ಅದು ಚೆನ್ನಾಗಿ ತಾಳಿಕೊಂಡಿದೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಪ್ರತಿಯೊಂದು ಕಾಡಿನ ಬಗೆಗೂ ಎಷ್ಟು ಹೆಕ್ಟೇರ್ ಅದರ ವಾಡಿಕೆಯ ಬೆಂಕಿ ಕಂಡಿತು, ಎಷ್ಟು ವಾಡಿಕೆ ಮೀರಿ ಸುಟ್ಟಿತು, ಬೆಂಕಿ ಬೇಕಾಗಿದ್ದೂ ಕಾಣದೆ ಉಳಿದದ್ದು ಎಷ್ಟು ಎಂದು ಪ್ರತ್ಯೇಕವಾಗಿ ಪ್ರಕಟಿಸಿ. ಮೂರನೆಯ ಅಂಕಿಗೂ ಅಧಿಕಾರಿಗಳು ಉತ್ತರ ಕೊಡುವಂತಾಗಲಿ. ತರಬೇತಿ ಪಡೆದವರಿಗೆ ಕಾನೂನಿನ ರಕ್ಷಣೆ, ನಷ್ಟಕ್ಕೊಳಗಾದವರಿಗೆ ಪರಿಹಾರ ನಿಧಿ ಎರಡೂ ಒಟ್ಟಿಗೇ ಬರಲಿ. ಬೆಂಕಿಯ ಕಾಲಕ್ಕೆ ಮಾತ್ರ ಕರೆದು ಆಮೇಲೆ ಮನೆಗೆ ಕಳಿಸುವ ಕಾವಲುಗಾರರನ್ನು ವರ್ಷವಿಡೀ ಸಂಬಳಕ್ಕೆ ಇಟ್ಟುಕೊಳ್ಳಿ, ಏಕೆಂದರೆ ಉರುವಲು ಇಳಿಸುವ ಕೆಲಸ ಉಳಿದ ತಿಂಗಳುಗಳದ್ದು. ಆ ನೆಲದ ಬೆಂಕಿ ಬಲ್ಲ ಜನರಿಗೆ ಸಲಹೆಗಾರರ ಕುರ್ಚಿಯಷ್ಟೇ ಸಾಲದು, ಹಚ್ಚುವ ಹಕ್ಕನ್ನೂ ಕೊಡಿ. ಮತ್ತು ತೇವ, ಗಾಳಿ, ಬಿಸಿ ಮೂರೂ ಹದವಾಗಿ ಕೂಡಿ ಬರುವ ದಿನಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ಆ ಬೆಳಿಗ್ಗೆ ಹಚ್ಚಬೇಕೋ ಬೇಡವೋ ಎಂಬ ತೀರ್ಮಾನವನ್ನು ರಾಜಧಾನಿಯ ಕಡತಕ್ಕೆ ಬಿಡದೆ, ಸ್ಥಳದಲ್ಲಿ ನಿಂತು ಹುಲ್ಲು ಮುರಿದು ನೋಡುವ ಅಧಿಕಾರಿಯ ಕೈಗೆ ಈ ವರ್ಷವೇ ಬರಹದಲ್ಲಿ ಕೊಡಿ.

ಇಂತಿ,
ಬೆಂಕಿಯ ವರದಿಗಳನ್ನು ವರ್ಷವರ್ಷವೂ ಓದುವ ಒಬ್ಬ ನಾಗರಿಕ